ಕೆಂಪಾಗದ ಕಣ್ಣು, ನೋಯದ ಉರಿ

ಚಿಕ್ಕಪ್ಪನಿಗೆ ಗೊತ್ತಾಗಿದ್ದು ಒಂದು ಭಾನುವಾರ ಬೆಳಿಗ್ಗೆ, ಸ್ನಾನ ಮಾಡಿ ಬಂದು ತಲೆ ಒರೆಸಿಕೊಳ್ಳುವಾಗ. ಟವೆಲ್ಲು ಬಲಗಣ್ಣಿನ ಮೇಲೆ ಜಾರಿತ್ತು. ಎಡಗಣ್ಣಿಗೆ ಎದುರು ಗೋಡೆಯ ಕ್ಯಾಲೆಂಡರ್ ಕಾಣುತ್ತಿತ್ತು. ಮೇಲೆ 13 ಇತ್ತು, ಕೆಳಗೆ 15 ಇತ್ತು. ನಡುವೆ 14 ಇರಬೇಕಾದ ಜಾಗದಲ್ಲಿ ಬೂದಿ ಬಣ್ಣದ ಮಸುಕು ಮಾತ್ರ. ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. 14 ವಾಪಸ್ ಬಂತು, ಈಗ 21 ಮಾಯವಾಗಿತ್ತು.

"ಲೇ, ನನ್ನ ಕಣ್ಣಲ್ಲಿ ಏನಾದ್ರೂ ಬಿದ್ದಿದೆಯಾ ನೋಡೇ" ಅಂತ ಚಿಕ್ಕಮ್ಮನನ್ನು ಕರೆದರು. ಚಿಕ್ಕಮ್ಮ ಕಿಟಕಿ ಹತ್ತಿರ ನಿಲ್ಲಿಸಿ, ರೆಪ್ಪೆ ಬಿಡಿಸಿ ನೋಡಿದರು. ಒಂದು ಸಲ ಊದಿದರು ಕೂಡ. "ಏನೂ ಇಲ್ಲಾರೀ, ಬೆಳ್ಳಗೆ ಚೆನ್ನಾಗೇ ಇದೆ" ಅಂದರು.

ಚಿಕ್ಕಮ್ಮ ಹೇಳಿದ್ದು ನಿಜ. ಹೊರಗಿನಿಂದ ಕಣ್ಣು ಚೆನ್ನಾಗೇ ಇತ್ತು. ಕೆಂಪಿಲ್ಲ, ನೀರಿಲ್ಲ, ಪಿಸುರಿಲ್ಲ, ನೋವಿಲ್ಲ. ಹಾಗಾಗಿ ಮೊದಲು ಹೋಗಿದ್ದು ಕನ್ನಡಕದ ಅಂಗಡಿಗೆ. ನಂಬರ್ ಬದಲಾಗಿದೆ ಅಂತ ಹೊಸ ಗ್ಲಾಸ್ ಹಾಕಿಕೊಟ್ಟರು. ಅದರಿಂದ ಏನೂ ಆಗದಿದ್ದಾಗ ಮೆಡಿಕಲ್ ಶಾಪಿನಿಂದ ಒಂದು ಡ್ರಾಪ್ಸ್ ತಂದು ವಾರ ಹಾಕಿಕೊಂಡರು. ಕೊನೆಗೆ ರೆಟಿನಾ ಡಾಕ್ಟರ ಎದುರು ಕೂರುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಅವರು ಹೇಳಿದ ಹೆಸರು ಕೊರಾಯ್ಡೈಟಿಸ್. ಕಣ್ಣಿನ ಹಿಂಭಾಗದ ಉರಿಯೂತ.

ಉರಿಯೂತ ಅನ್ನೋ ಪದ ಸೊಗಸಾಗಿದೆ. ಉರಿ ಮತ್ತು ಊತ ಎರಡೂ ಅದರಲ್ಲೇ ಇವೆ. ಕೈಗೆ ಮುಳ್ಳು ಚುಚ್ಚಿದಾಗ ಈ ಪದ ಸರಿಯಾಗಿ ಹೊಂದುತ್ತದೆ. ಆದರೆ ಕಣ್ಣಿನ ಹಿಂದಿನ ಗೋಡೆಯಲ್ಲಿ ಅದೇ ಆದರೆ ಉರಿಯೂ ಗೊತ್ತಾಗಲ್ಲ, ಊತವೂ ಕಾಣಲ್ಲ. ರೆಟಿನಾದಲ್ಲಿ ನೋವು ಹೇಳುವ ನರಗಳೇ ಇಲ್ಲ. ಅದಕ್ಕೆ ಗೊತ್ತಿರೋದು ಬೆಳಕಿನ ಭಾಷೆ ಒಂದೇ. ಪೆಟ್ಟಾದರೂ ಅದು ಬೆಳಕಿನ ಭಾಷೆಯಲ್ಲೇ ಹೇಳುತ್ತದೆ: ಒಂದು ಮಸುಕು, ಒಂದು ಮಿಂಚು, ಸೊಟ್ಟಗಾದ ಒಂದು ಗೆರೆ, ತೇಲಾಡುವ ಕಪ್ಪು ಚುಕ್ಕಿ.

ಪೈರು ಮತ್ತು ಗದ್ದೆ

ಕಣ್ಣಿನ ಗೋಡೆಗೆ ಮೂರು ಪದರ. ಹೊರಗಿನದು ಬಿಳಿ, ಗಟ್ಟಿ, ತೆಂಗಿನಕಾಯಿ ಚಿಪ್ಪಿನ ಹಾಗೆ ಆಕಾರ ಹಿಡಿದಿಡುತ್ತದೆ. ಒಳಗಿನದು ರೆಟಿನಾ, ಕನ್ನಡದಲ್ಲಿ ಅಕ್ಷಿಪಟಲ. ಅರ್ಧ ಮಿಲಿಮೀಟರಿಗಿಂತ ತೆಳು. ಬೆಳಕು ಬಿದ್ದು ಅದು ನರದ ಸಂದೇಶವಾಗುವುದು ಇಲ್ಲೇ. ಇವೆರಡರ ನಡುವೆ ಇರುವುದು ಕೊರಾಯ್ಡ್. ಕಪ್ಪುಗಂದು ಬಣ್ಣ, ತುಂಬಾ ರಕ್ತನಾಳಗಳು, ಒದ್ದೆ ಸ್ಪಂಜಿನಂಥ ಪದರ.

ರೆಟಿನಾ ಪೈರು ಅಂದುಕೊಳ್ಳಿ, ಕೊರಾಯ್ಡ್ ಅದರ ಕೆಳಗಿನ ನೀರು ನಿಂತ ಗದ್ದೆ. ಬೆಳಕು ಹಿಡಿಯುವ ಜೀವಕೋಶಗಳು ರೆಟಿನಾದ ಹೊರ ಅಂಚಿನಲ್ಲಿವೆ. ಅವಕ್ಕೆ ಊಟ, ಆಮ್ಲಜನಕ ಬರುವುದು ಈ ಗದ್ದೆಯಿಂದಲೇ. ಪೈರಿಗೂ ಗದ್ದೆಗೂ ನಡುವೆ ಒಂದೇ ಸಾಲು ಜೀವಕೋಶಗಳ ಬದು ಇದೆ. ಯಾವುದನ್ನು ಒಳಗೆ ಬಿಡಬೇಕು, ಯಾವ ಕಸ ಹೊರಗೆ ಹಾಕಬೇಕು ಅನ್ನೋದನ್ನು ಅದು ನೋಡಿಕೊಳ್ಳುತ್ತದೆ. ಗದ್ದೆಗೆ ರೋಗ ಬಂದರೆ ಮೊದಲು ಈ ಬದು ಕುಸಿಯುತ್ತದೆ, ಆಮೇಲೆ ಪೈರು ಒಣಗುತ್ತದೆ. ಉರಿಯೂತ ಗದ್ದೆಯಲ್ಲಿ ಶುರುವಾದರೆ ಕೊರಾಯ್ಡೈಟಿಸ್, ಪೈರಲ್ಲಿ ಶುರುವಾದರೆ ರೆಟಿನೈಟಿಸ್, ಎರಡನ್ನೂ ಹಿಡಿದರೆ ಕೊರಿಯೊರೆಟಿನೈಟಿಸ್. ಇವೆಲ್ಲಾ ಸೇರುವ ದೊಡ್ಡ ಬುಟ್ಟಿಯ ಹೆಸರು ಪೋಸ್ಟೀರಿಯರ್ ಯುವಿಯೈಟಿಸ್. ಲ್ಯಾಟಿನ್‌ನಲ್ಲಿ ಯುವಾ ಅಂದರೆ ದ್ರಾಕ್ಷಿ. ಬಿಳಿ ಪದರ ಸುಲಿದರೆ ಒಳಗಿನ ಕಪ್ಪು ಪದರ ದ್ರಾಕ್ಷಿ ಹಣ್ಣಿನಂತೆ ಕಂಡಿತ್ತಂತೆ ಹಳೆಯ ವೈದ್ಯರಿಗೆ.

ಕೊರಾಯ್ಡಿಗೇ ಯಾಕೆ ಇಷ್ಟು ಕಾಟ? ಕಣ್ಣಿಗೆ ಬರುವ ರಕ್ತದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಹರಿಯುವುದು ಈ ಒಂದು ಪದರದಲ್ಲಿ. ತೂಕಕ್ಕೆ ತೂಕ ಲೆಕ್ಕ ಹಾಕಿದರೆ ದೇಹದಲ್ಲೇ ಅತಿ ಹೆಚ್ಚು ರಕ್ತ ಹರಿಯುವ ಜಾಗಗಳಲ್ಲಿ ಇದೂ ಒಂದು. ದೊಡ್ಡ ಬಸ್‌ಸ್ಟ್ಯಾಂಡ್ ಇದ್ದ ಹಾಗೆ. ಎಲ್ಲೆಲ್ಲಿಂದಲೋ ಬಂದವರು ಇಲ್ಲಿ ಇಳಿಯುತ್ತಾರೆ. ಶ್ವಾಸಕೋಶದಲ್ಲಿದ್ದ ಕ್ಷಯದ ಕ್ರಿಮಿ, ಜ್ವರದ ವೈರಸ್, ದಾರಿ ತಪ್ಪಿದ ನಮ್ಮದೇ ರಕ್ಷಣಾ ಕಣಗಳು, ಎಲ್ಲವೂ. ಹಾಗಾಗಿ ಕಣ್ಣಿನ ಹಿಂಭಾಗದ ಉರಿಯೂತ ಎಷ್ಟೋ ಸಲ ಕಣ್ಣಿನ ಕಾಯಿಲೆಯೇ ಅಲ್ಲ. ಮೈಯಲ್ಲಿ ಬೇರೆಲ್ಲೋ ಇರುವ ಕಾಯಿಲೆ ಇಲ್ಲಿ ಮುಖ ತೋರಿಸಿರುತ್ತದೆ.

ಎಲ್ಲಿ ಬಿತ್ತು ಅನ್ನೋದೂ ಮುಖ್ಯ. ರೆಟಿನಾದ ನಟ್ಟನಡುವೆ ಮ್ಯಾಕ್ಯುಲಾ ಅನ್ನೋ ಪುಟ್ಟ ಜಾಗವಿದೆ. ಓದು, ಸೂಜಿಗೆ ದಾರ, ಎದುರಿಗೆ ಬಂದವರ ಮುಖ, ಎಲ್ಲಾ ಅದರ ಪಾಲು. ಅಲ್ಲಿ ಸಾಸಿವೆ ಕಾಳಿನಷ್ಟು ಗಾಯವಾದರೂ ಪೇಪರ್ ಓದಲಾಗದು. ಅದೇ ಗಾಯ ಅಂಚಿನಲ್ಲಿ ಆದರೆ ವರ್ಷಗಟ್ಟಲೆ ಗೊತ್ತೇ ಆಗದೆ ಇರಬಹುದು. ಇನ್ನೊಂದು ಕಣ್ಣು ಚೆನ್ನಾಗಿದ್ದರಂತೂ ಮೆದುಳು ಅದರಿಂದಲೇ ಕೆಲಸ ಸಾಗಿಸಿಬಿಡುತ್ತದೆ. ಚಿಕ್ಕಪ್ಪನಿಗೆ ಟವೆಲ್ಲು ಜಾರದೇ ಇದ್ದಿದ್ದರೆ ಇನ್ನೆಷ್ಟು ದಿನ ಹೋಗುತ್ತಿತ್ತೋ.

ಒಳಗೆ ನೋಡುವ ದಿನ

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ತನ್ನ ಆಫ್ತಾಲ್ಮೋಸ್ಕೋಪ್, ಅಂದರೆ ಕಣ್ಣಿನೊಳಗೆ ನೋಡುವ ಉಪಕರಣದ ಬಗ್ಗೆ ಪ್ರಕಟಿಸಿದ ಮೇಲೆಯೇ ಬದುಕಿರುವ ಮನುಷ್ಯನ ರೆಟಿನಾವನ್ನು ವೈದ್ಯರು ಸರಿಯಾಗಿ ನೋಡಿದ್ದು. ಈಗಲೂ ಕೆಲಸ ಶುರುವಾಗುವುದು ಅಲ್ಲಿಂದಲೇ. ಡ್ರಾಪ್ಸ್ ಹಾಕುತ್ತಾರೆ, ಚುರುಚುರು ಅನ್ನುತ್ತದೆ, ಅರ್ಧ ಗಂಟೆಯಲ್ಲಿ ಪಾಪೆ ಅಗಲವಾಗುತ್ತದೆ. ಆಮೇಲೆ ನಾಲ್ಕೈದು ಗಂಟೆ ಹತ್ತಿರದ್ದೆಲ್ಲಾ ಮಂಜು, ಬಿಸಿಲು ನೋಡಲಾಗದು. ಬೈಕ್ ತಗೊಂಡು ಒಬ್ಬರೇ ಹೋಗಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

ಆಮೇಲೆ ಓಸಿಟಿ. 1991ರಲ್ಲಿ ಮೊದಲ ಸಲ ವರದಿಯಾದ ತಂತ್ರ ಇದು. ಬೆಳಕನ್ನೇ ಬಳಸಿ ರೆಟಿನಾದ ಪದರಗಳನ್ನು ಕತ್ತರಿಸಿ ಇಟ್ಟ ಹಾಗೆ ತೋರಿಸುತ್ತದೆ. ಗಲ್ಲ ಊರಿ ಹಸಿರು ಚುಕ್ಕಿ ನೋಡುತ್ತಾ ಕೂತರೆ ಒಂದೆರಡು ನಿಮಿಷದ ಕೆಲಸ. ಕೈಯ ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ಫೋಟೋ ತೆಗೆಯುವ ಆಂಜಿಯೋಗ್ರಾಮ್ ಇನ್ನೊಂದು. ಎಲ್ಲಿ ರಕ್ತನಾಳ ಸೋರುತ್ತಿದೆ, ಎಲ್ಲಿ ರಕ್ತ ಹರಿಯುತ್ತಿಲ್ಲ ಅಂತ ಅದು ಹೇಳುತ್ತದೆ. ಈ ಬಣ್ಣ ಹಳದಿ. ಮೈ ಸ್ವಲ್ಪ ಹೊತ್ತು ಅರಿಶಿನ ಹಚ್ಚಿದ ಹಾಗೆ ಆಗುತ್ತದೆ, ಮೂತ್ರ ಒಂದು ದಿನ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಚಿಕ್ಕಪ್ಪ ಆಸ್ಪತ್ರೆಯ ಟಾಯ್ಲೆಟ್ಟಿನಿಂದ ಬಿಳಿಚಿಕೊಂಡು ಹೊರಗೆ ಬಂದಿದ್ದು ನನಗೆ ಇನ್ನೂ ನೆನಪಿದೆ.

ಅವರ ಕಣ್ಣಿನ ಫೋಟೋ ಡಾಕ್ಟರ್ ಕಂಪ್ಯೂಟರಿನಲ್ಲಿ ತೋರಿಸಿದರು. ಕಿತ್ತಳೆ ಬಣ್ಣದ ನೆಲದ ಮೇಲೆ ಮಾಸಲು ಹಳದಿ ತೇಪೆಗಳು, ಒಂದಕ್ಕೊಂದು ಕೂಡಿಕೊಂಡು ಅಂಕುಡೊಂಕಾಗಿ ಹರಿದಿದ್ದವು. ನಡುವೆ ಆರಿದ ಹಾಗೆ ಕಪ್ಪು, ಅಂಚಿನಲ್ಲಿ ಹೊಸ ಉರಿ. ಕಾಗದದ ಮೂಲೆಗೆ ಕಿಡಿ ತಾಗಿ ಅಂಚು ಮಾತ್ರ ಕೆಂಪಗೆ ಮುಂದೆ ಮುಂದೆ ಸರಿಯುತ್ತದಲ್ಲ, ಹಾಗೆ. "ಇದಕ್ಕೆ ಸರ್ಪಿಜಿನಸ್ ಥರದ್ದು ಅಂತೀವಿ, ಹಾವು ಹರಿದ ಹಾಗೆ ಹೋಗುತ್ತೆ ನೋಡಿ" ಅಂದರು. ಹಾವಿನ ಹೆಸರು ಕೇಳಿದ್ದೇ ಚಿಕ್ಕಮ್ಮ ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತರು. ಹೋಗಿ ಬಂದರೆ ತಪ್ಪೇನಿಲ್ಲ, ಮಾತ್ರೆ ಬಿಡದಿದ್ದರೆ ಆಯಿತು.

ಇಲ್ಲೊಂದು ಗೊಂದಲ ಬಿಡಿಸಿಬಿಡುತ್ತೇನೆ. ನಾವು ಸರ್ಪಸುತ್ತು ಅನ್ನೋದು ಬೇರೆ, ಅದು ಚರ್ಮದ ಮೇಲೆ ಏಳುವ ಗುಳ್ಳೆ. ಹೆಸರಿನ ಹಾವು ಬಿಟ್ಟರೆ ಚಿಕ್ಕಪ್ಪನ ಕಾಯಿಲೆಗೂ ಅದಕ್ಕೂ ನಂಟಿಲ್ಲ. ಆದರೆ ಸರ್ಪಸುತ್ತಿಗೆ ಕಾರಣವಾದ ವೈರಸ್ ರೆಟಿನಾಕ್ಕೆ ನುಗ್ಗಿದರೆ ಅದು ಇನ್ನೊಂದೇ ಕಥೆ. ರೆಟಿನಾ ಅಂಚಿನಿಂದ ನಡುವಿಗೆ ದಿನದಿನಕ್ಕೂ ಕೊಳೆಯುತ್ತಾ ಬರುತ್ತದೆ. ಅಲ್ಲಿ ವಾರಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ. ವೈರಸ್ ಔಷಧಿ ತಕ್ಷಣ ಶುರುವಾಗಬೇಕು.

"ಕೆಮ್ಮೇ ಇಲ್ಲ ಡಾಕ್ಟ್ರೇ"

ಡಾಕ್ಟರ್ ಟಿಬಿ ಅನ್ನೋ ಮಾತು ತೆಗೆದಾಗ ಚಿಕ್ಕಪ್ಪನಿಗೆ ಸಿಟ್ಟೇ ಬಂತು. "ಕೆಮ್ಮೇ ಇಲ್ಲ ಡಾಕ್ಟ್ರೇ, ನನಗೆಲ್ಲಿಂದ ಟಿಬಿ?" ಎದೆಯ ಎಕ್ಸ್‌ರೇ ಕೂಡ ಸರಿಯಾಗಿತ್ತು.

ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಕ್ರಿಮಿ ಒಳಗೆ ಹೋದವರಲ್ಲಿ ಬಹಳಷ್ಟು ಜನರಿಗೆ ಕಾಯಿಲೆ ಬರುವುದೇ ಇಲ್ಲ. ದೇಹ ಅದನ್ನು ಎಲ್ಲೋ ಒಂದು ಗಂಟಿನಲ್ಲಿ ಕಟ್ಟಿಹಾಕಿ ಇಟ್ಟಿರುತ್ತದೆ. ವರ್ಷಗಳಾದ ಮೇಲೆ ಒಂದಷ್ಟು ಕ್ರಿಮಿ ರಕ್ತದಲ್ಲಿ ಹೊರಟು ಕೊರಾಯ್ಡ್‌ನಲ್ಲಿ ಇಳಿಯಬಹುದು. ಕಣ್ಣಿನಲ್ಲಿ ಅವುಗಳ ಸಂಖ್ಯೆ ತೀರಾ ಕಮ್ಮಿ. ಅವು ಮಾಡುವ ಹಾನಿಗಿಂತ ಅವುಗಳ ವಿರುದ್ಧ ದೇಹ ಎಬ್ಬಿಸುವ ಗಲಾಟೆಯ ಹಾನಿಯೇ ಜಾಸ್ತಿ. ಸರ್ಪಿಜಿನಸ್ ರೀತಿಯ ಈ ಕೊರಾಯ್ಡೈಟಿಸ್‌ಗೂ ಕ್ಷಯಕ್ಕೂ ಇರುವ ನಂಟನ್ನು ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು 2003ರಲ್ಲಿ ವಿವರವಾಗಿ ಬರೆದರು. ಯುರೋಪಿನ ಪುಸ್ತಕಗಳಲ್ಲಿ ಸರ್ಪಿಜಿನಸ್ ಅಂದರೆ ಕಾರಣ ತಿಳಿಯದ, ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆ. ಅದಕ್ಕೆ ಉರಿಯೂತ ಆರಿಸುವ ಸ್ಟೀರಾಯ್ಡ್ ಮತ್ತು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ. ನಮ್ಮಲ್ಲಿ ಅಂಥದ್ದೇ ಚಿತ್ರ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ ಟಿಬಿ ಇದೆಯಾ ಅನ್ನೋದು.

ಪತ್ತೆ ಮಾಡುವುದು ಸುಲಭವಲ್ಲ. ಕಫ ಪರೀಕ್ಷೆ ಮಾಡೋಣ ಅಂದರೆ ಕಫವೇ ಇಲ್ಲ. ಕಣ್ಣಿನೊಳಗಿನ ನೀರನ್ನು ಸೂಜಿಯಲ್ಲಿ ತೆಗೆದು ಪಿಸಿಆರ್ ಮಾಡಿದರೂ ಕ್ರಿಮಿ ಸಿಗದೇ ಹೋಗುವುದು ಮಾಮೂಲು. ಹಾಗಾಗಿ ವೈದ್ಯರು ಸುಳಿವು ಜೋಡಿಸುತ್ತಾರೆ. ಕಣ್ಣಿನ ಚಿತ್ರ ಹೇಗಿದೆ, ಟಿಬಿ ಪತ್ತೆಗೆ ಮುಂಗೈಗೆ ಚುಚ್ಚಿದ ಮಾಂಟೂ ಎಷ್ಟು ಉಬ್ಬಿತು, ಅದಕ್ಕೇ ಮಾಡುವ ರಕ್ತದ ಇಗ್ರಾ ಪರೀಕ್ಷೆ ಏನಂತು, ಎದೆಯ ಸಿಟಿ ಸ್ಕ್ಯಾನಿನಲ್ಲಿ ಗಂಟು ಇದೆಯಾ. ಮಾಂಟೂ ಉಬ್ಬಿದ ಮಾತ್ರಕ್ಕೆ ಟಿಬಿ ಕಾಯಿಲೆ ಅಲ್ಲ, ನಮ್ಮ ದೇಶದಲ್ಲಿ ಎಷ್ಟೋ ಆರೋಗ್ಯವಂತರಿಗೂ ಅದು ಉಬ್ಬುತ್ತದೆ. ಜೊತೆಗೆ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್‌ನ ಪರೀಕ್ಷೆಯನ್ನೂ ಮಾಡುತ್ತಾರೆ. ಅದನ್ನು ನೋಡಿ ಯಾರೂ ಮುಖ ಸಣ್ಣ ಮಾಡಿಕೊಳ್ಳಬಾರದು. ಯಾರ ಮೇಲೂ ಅನುಮಾನಪಟ್ಟು ಬರೆದುಕೊಡುವ ಪರೀಕ್ಷೆಯಲ್ಲ ಅದು. ಆ ಕಾಯಿಲೆ ಕಣ್ಣಿನಲ್ಲಿ ಯಾವ ವೇಷ ಬೇಕಾದರೂ ಹಾಕುತ್ತದೆ, ಪೆನಿಸಿಲಿನ್‌ಗೆ ವಾಸಿಯೂ ಆಗುತ್ತದೆ. ಹಾಗಾಗಿ ಎಲ್ಲರಿಗೂ ಮಾಡುವುದೇ ಸರಿ.

ಚಿಕ್ಕಪ್ಪನ ಎಕ್ಸ್‌ರೇಯಲ್ಲಿ ಕಾಣದಿದ್ದ ಎರಡು ಗಂಟು ಸಿಟಿ ಸ್ಕ್ಯಾನಿನಲ್ಲಿ ಸಿಕ್ಕವು. ಟಿಬಿಯ ನಾಲ್ಕು ಔಷಧಿ ಶುರುವಾಯಿತು, ಸರ್ಕಾರದಿಂದ ಉಚಿತವಾಗಿ. ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೂ ಬರುತ್ತದೆ. ಆ ನಾಲ್ಕರಲ್ಲಿ ಒಂದು ರಿಫಾಂಪಿಸಿನ್, ಅದೂ ಮೂತ್ರವನ್ನು ಕಿತ್ತಳೆ ಮಾಡುತ್ತದೆ. ಈ ಸಲ ಚಿಕ್ಕಪ್ಪ ಹೆದರಲಿಲ್ಲ. ಇನ್ನೊಂದು ಎಥಾಂಬ್ಯುಟಾಲ್. ತಮಾಷೆ ನೋಡಿ, ಕಣ್ಣಿನ ಕಾಯಿಲೆಗೆ ಕೊಡುವ ಈ ಮಾತ್ರೆ ಅಪರೂಪಕ್ಕೆ ಕಣ್ಣಿನ ನರಕ್ಕೇ ಪೆಟ್ಟು ಕೊಡುತ್ತದೆ. ಮೊದಲು ಕೆಡುವುದು ಕೆಂಪು ಹಸಿರಿನ ವ್ಯತ್ಯಾಸ. ಅದಕ್ಕೇ ಪ್ರತಿ ಸಲ ಹೋದಾಗಲೂ ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿ ಅದರೊಳಗಿನ ಅಂಕಿ ಓದಿಸುತ್ತಾರೆ.

ಮಾತ್ರೆ ಶುರುವಾಗಿ ಕೆಲವು ವಾರಕ್ಕೆ ಕಣ್ಣು ಇನ್ನಷ್ಟು ಮಂಜಾಯಿತು. ಔಷಧಿಯೇ ಹಾಳು ಮಾಡುತ್ತಿದೆ ಅಂತ ಮನೆಯಲ್ಲಿ ದೊಡ್ಡ ಚರ್ಚೆ. ಬಿಟ್ಟೇಬಿಡುವವರಿದ್ದರು. ಇದು ಕೆಲವರಿಗೆ ಆಗುತ್ತದೆ. ಕ್ರಿಮಿ ಸತ್ತು ಒಡೆದಾಗ ಅದರ ಚೂರುಗಳನ್ನು ನೋಡಿ ದೇಹ ಇನ್ನೂ ಜೋರಾಗಿ ಗಲಾಟೆ ಎಬ್ಬಿಸುತ್ತದೆ. ಆಗ ಬೇಕಾದ್ದು ಟಿಬಿ ಮಾತ್ರೆ ಬಿಡುವುದಲ್ಲ. ಅದು ಹಾಗೇ ಇರಬೇಕು, ಅದರ ಜೊತೆಗೆ ಕೊಡುವ ಸ್ಟೀರಾಯ್ಡ್ ಪ್ರಮಾಣ ಏರಿಸಬೇಕು. ಡಾಕ್ಟರ್ ಈ ಮಾತನ್ನು ಮೊದಲ ದಿನವೇ ಹೇಳಿದ್ದರಂತೆ. ಪಾಪ, ಟಿಬಿ ಅನ್ನೋ ಪದ ಕೇಳಿದ ಮೇಲೆ ಚಿಕ್ಕಪ್ಪನ ಕಿವಿಗೆ ಬೇರೇನೂ ಬಿದ್ದಿರಲಿಲ್ಲ.

ಬೆಕ್ಕು, ನೀರು, ಜ್ವರ

ಪ್ರಪಂಚದಾದ್ಯಂತ ಲೆಕ್ಕ ಹಾಕಿದರೆ ಕಣ್ಣಿನ ಹಿಂಭಾಗಕ್ಕೆ ಸೋಂಕು ತರುವುದರಲ್ಲಿ ಮುಂಚೂಣಿಯಲ್ಲಿರುವುದು ಟಾಕ್ಸೊಪ್ಲಾಸ್ಮಾ ಅನ್ನೋ ಪರೋಪಜೀವಿ. 1908ರಲ್ಲಿ ಟ್ಯುನಿಸ್‌ನಲ್ಲಿ ಗುಂಡಿ ಅನ್ನೋ ಇಲಿಜಾತಿಯ ಪ್ರಾಣಿಯಲ್ಲಿ ಸಿಕ್ಕಿತು. ಹೆಸರಿನ ಕೊನೆಗೆ ಇರುವ ಗೊಂಡೈ ಅಲ್ಲಿಂದಲೇ ಬಂದಿದ್ದು. ಇದರ ಸಂಸಾರ ಪೂರ್ತಿಯಾಗುವುದು ಬೆಕ್ಕಿನ ಕರುಳಿನಲ್ಲಿ ಮಾತ್ರ. ಬೆಕ್ಕಿನ ಹೇಲಿನಲ್ಲಿ ಮೊಟ್ಟೆಯಂಥವು ಹೊರಬಂದು ಮಣ್ಣಿಗೆ, ನೀರಿಗೆ, ಸೊಪ್ಪಿಗೆ ಸೇರುತ್ತವೆ. ಅಂಥ ಮಣ್ಣಿನಲ್ಲಿ ಮೇಯ್ದ ಕುರಿಯ ಮಾಂಸಕ್ಕೂ ಕ್ರಿಮಿ ಸೇರುತ್ತದೆ. ಬೇಯದ ಮಾಂಸ ತಿಂದರೆ ನಮಗೂ ಬರುತ್ತದೆ.

ಬೆಕ್ಕು ಸಾಕಿದವರು ಗಾಬರಿಯಾಗಬೇಕಿಲ್ಲ. ಮುದ್ದು ಮಾಡಿದರೆ ಬರುವ ಕಾಯಿಲೆಯಲ್ಲ ಇದು. ಹೇಲು ಬಿದ್ದ ದಿನವೇ ತೆಗೆದು ಹಾಕಿದರೆ ಸಾಕು, ಯಾಕೆಂದರೆ ಆ ಮೊಟ್ಟೆಗಳು ಸೋಂಕು ಹರಡಲು ತಯಾರಾಗುವುದಕ್ಕೆ ಒಂದು ದಿನವಾದರೂ ಬೇಕು. ಬಸುರಿಯರು ಮಾತ್ರ ಆ ಕೆಲಸ ಬೇರೆಯವರಿಗೆ ಬಿಡಲಿ. ಬಸುರಿಯಲ್ಲಿ ಮೊದಲ ಸಲ ಸೋಂಕಾದರೆ ಅದು ಮಗುವಿನ ಮೆದುಳು, ಕಣ್ಣು ಎರಡನ್ನೂ ಹಿಡಿಯಬಹುದು.

ನನ್ನ ಪ್ರಕಾರ ಬೆಕ್ಕಿಗಿಂತ ಜಾಸ್ತಿ ಗಮನ ಕೊಡಬೇಕಾದ್ದು ನೀರಿಗೆ. 2004ರ ಕೊನೆಯಲ್ಲಿ ಪಕ್ಕದ ಕೊಯಮತ್ತೂರಿನಲ್ಲಿ ಕಣ್ಣಿನ ವೈದ್ಯರಿಗೆ ಇದ್ದಕ್ಕಿದ್ದಂತೆ ಟಾಕ್ಸೊಪ್ಲಾಸ್ಮಾ ರೋಗಿಗಳು ಸಾಲುಗಟ್ಟಿ ಬರತೊಡಗಿದರು. ಒಟ್ಟು 248 ಜನ. ಅನುಮಾನ ಹೋಗಿದ್ದು ಕುಡಿಯುವ ನೀರಿನ ಮೇಲೆ. ಒಂಬತ್ತು ವರ್ಷ ಮೊದಲು, 1995ರಲ್ಲಿ, ಕೆನಡಾದ ವಿಕ್ಟೋರಿಯಾ ನಗರದಲ್ಲೂ ಹೀಗೇ ಆಗಿ, ಅಲ್ಲೂ ಬೊಟ್ಟು ಊರಿನ ನೀರಿನ ಕಡೆಗೇ ತಿರುಗಿತ್ತು. ಮಾಮೂಲು ಪ್ರಮಾಣದ ಕ್ಲೋರಿನ್‌ಗೆ ಈ ಮೊಟ್ಟೆಗಳು ಸಾಯುವುದಿಲ್ಲ, ಕುದಿಸಿದರೆ ಸಾಯುತ್ತವೆ.

ಡಾಕ್ಟರಿಗೆ ಇದನ್ನು ನೋಡಿದ ಕೂಡಲೇ ಗುರುತು ಹತ್ತುತ್ತದೆ. ಒಳಗಿನ ಲೋಳೆಯೆಲ್ಲಾ ಉರಿಯೂತದ ಕಣಗಳಿಂದ ಮಂಜು ಕವಿದಿರುತ್ತದೆ, ಅದರ ಹಿಂದೆ ಒಂದು ಬಿಳಿ ಗಾಯ ಬೆಳಗುತ್ತಿರುತ್ತದೆ. ಮಳೆಗಾಲದ ಆಗುಂಬೆ ಘಾಟಿಯಲ್ಲಿ ಎದುರಿನ ಲಾರಿಯ ಹೆಡ್‌ಲೈಟ್ ಕಂಡ ಹಾಗೆ. ಹೆಚ್ಚಾಗಿ ಪಕ್ಕದಲ್ಲೇ ಒಂದು ಹಳೆಯ ಕಪ್ಪು ಕಲೆಯೂ ಇರುತ್ತದೆ. ಅಂದರೆ ಕ್ರಿಮಿ ಅಲ್ಲೇ ಮಲಗಿತ್ತು, ಈಗ ಎದ್ದಿದೆ. ಔಷಧಿ ಎದ್ದ ಕ್ರಿಮಿಯನ್ನು ಕೊಲ್ಲುತ್ತದೆ, ಮಲಗಿದ್ದನ್ನು ಕೊಲ್ಲಲಾರದು. ಹಾಗಾಗಿ ಕೆಲವರಿಗೆ ವರ್ಷಗಳ ಮೇಲೆ ಮತ್ತೆ ಬರುತ್ತದೆ.

ಇನ್ನು ನಮ್ಮ ರಾಜ್ಯದ್ದೇ ಕಥೆ. 2006ರಲ್ಲಿ ಚಿಕೂನ್‌ಗುನ್ಯಾ ಬಂದಾಗ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳ ಲೆಕ್ಕ ಸಿಕ್ಕಿತು. ಮಂಡಿ ಹಿಡಿದುಕೊಂಡು ಕುಂಟುತ್ತಿದ್ದ ಆ ದಿನಗಳು ಬಹಳ ಜನರಿಗೆ ನೆನಪಿರಬಹುದು, ಅಲ್ವಾ? ಜ್ವರ ಬಿಟ್ಟು ಕೆಲವು ವಾರಗಳ ಮೇಲೆ ಕೆಲವರಿಗೆ ಕಣ್ಣು ಮಂಜಾಯಿತು. ಒಳಗೆ ನೋಡಿದರೆ ರೆಟಿನಾದ ಮೇಲೆ ಹತ್ತಿ ಎಳೆದಂಥ ಬಿಳಿ ತೇಪೆಗಳು. ಬೆಂಗಳೂರಿನ ವೈದ್ಯರು ಇದನ್ನೆಲ್ಲಾ ಬರೆದಿಟ್ಟರು. ಆಮೇಲೆ ಗೊತ್ತಾಗಿದ್ದು, ಡೆಂಗಿ, ಟೈಫಾಯ್ಡ್, ಉಣ್ಣೆ ಕಚ್ಚಿ ಬರುವ ರಿಕೆಟ್ಸಿಯಾ ಜ್ವರ, ಇವುಗಳ ಬೆನ್ನಿಗೂ ಇಂಥದ್ದೇ ಬರಬಹುದು. ಈಗ ಇದಕ್ಕೆ ಜ್ವರಾನಂತರದ ರೆಟಿನೈಟಿಸ್ ಅಂತಲೇ ಹೆಸರು. ಜ್ವರ ಬಿಟ್ಟು ಎರಡರಿಂದ ನಾಲ್ಕು ವಾರದೊಳಗೆ ಕಣ್ಣು ಮಂಜಾದರೆ ಸುಮ್ನೆ ನಿತ್ರಾಣ ಅಂದುಕೊಳ್ಳಬೇಡಿ. ಡಾಕ್ಟರಿಗೆ ಯಾವ ಜ್ವರ ಬಂದಿತ್ತು, ಮೈಮೇಲೆ ದದ್ದು ಇತ್ತಾ, ಎಲ್ಲಾ ಹೇಳಿ. ರಿಕೆಟ್ಸಿಯಾ ಆದರೆ ಡಾಕ್ಸಿಸೈಕ್ಲಿನ್ ಅನ್ನೋ ಅಗ್ಗದ ಮಾತ್ರೆ ಕೆಲಸ ಮಾಡುತ್ತದೆ.

ಸೂಜಿ ಚುಚ್ಚಿದ್ದು ಒಂದು ಕಣ್ಣಿಗೆ

ಸೋಂಕೇ ಇಲ್ಲದೆ, ದೇಹ ತನ್ನ ಕಣ್ಣಿನ ಮೇಲೆ ತಾನೇ ಬೀಳುವುದೂ ಇದೆ. ಇದಕ್ಕೆ ನನಗೆ ಗೊತ್ತಿರುವ ಅತಿ ಹಳೆಯ, ಅತಿ ಪ್ರಸಿದ್ಧ ಉದಾಹರಣೆ ಫ್ರಾನ್ಸಿನ ಕೂಪ್‌ವ್ರೇ ಅನ್ನೋ ಹಳ್ಳಿಯ ಒಬ್ಬ ಹುಡುಗ. ಅಪ್ಪ ಕುದುರೆ ಜೀನು, ಲಗಾಮು ಮಾಡುವವರು. 1812ರಲ್ಲಿ, ಮೂರು ವರ್ಷದ ಮಗು ಅಪ್ಪನ ಕೆಲಸದ ಕೋಣೆಯಲ್ಲಿ ಚರ್ಮಕ್ಕೆ ತೂತು ಹಾಕುವ ದಬ್ಬಳ ಹಿಡಿದು ಆಡುತ್ತಿತ್ತು. ಅದು ಜಾರಿ ಒಂದು ಕಣ್ಣಿಗೆ ಚುಚ್ಚಿತು. ಆ ಕಣ್ಣು ಹೋಯಿತು. ಆದರೆ ಆಮೇಲೆ ಏನೂ ತಾಗದ ಇನ್ನೊಂದು ಕಣ್ಣೂ ಹೋಯಿತು. ಐದು ವರ್ಷಕ್ಕೆ ಪೂರ್ತಿ ಕುರುಡು. ಹುಡುಗನ ಹೆಸರು ಲೂಯಿ ಬ್ರೈಲ್. 15ನೇ ವಯಸ್ಸಿಗೆ, ಕಾಗದಕ್ಕೆ ಮೊನೆಯಿಂದ ಒತ್ತಿ ಚುಕ್ಕಿ ಎಬ್ಬಿಸುವ ಆ ಲಿಪಿಯನ್ನು ರೂಪಿಸಿದ.

ಎರಡನೇ ಕಣ್ಣು ಹೋಗಿದ್ದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಸಿಂಪಥೆಟಿಕ್ ಆಫ್ತಾಲ್ಮಿಯಾ. ಕಣ್ಣಿನ ಒಳಗಿನ ಪದರಗಳನ್ನು ನಮ್ಮ ರಕ್ಷಣಾ ಪಡೆ ಹುಟ್ಟಿನಿಂದ ಸರಿಯಾಗಿ ನೋಡಿರುವುದೇ ಇಲ್ಲ. ಅವು ಪರದೆಯ ಹಿಂದೆ ಇರುತ್ತವೆ. ಗಾಯವಾಗಿ ಪರದೆ ಹರಿದಾಗ ಅವು ಹೊರಗೆ ಕಾಣುತ್ತವೆ. ಪಡೆ ಅವನ್ನು ಪರಕೀಯ ಅಂದುಕೊಂಡು ನೆನಪಿಟ್ಟುಕೊಳ್ಳುತ್ತದೆ. ಅಂಥದ್ದೇ ವಸ್ತು ಇನ್ನೊಂದು ಕಣ್ಣಿನಲ್ಲೂ ಇದೆಯಲ್ಲ, ಅಲ್ಲಿಗೂ ಹೋಗಿ ದಾಳಿ ಮಾಡುತ್ತದೆ. ಕೆಲವು ವಾರಕ್ಕೂ ಆಗಬಹುದು, ವರ್ಷಗಳ ಮೇಲೂ ಆಗಬಹುದು. ಈಗ ಇದು ಅಪರೂಪ, ಸ್ಟೀರಾಯ್ಡ್‌ಗೆ ಬಗ್ಗುತ್ತದೆ. ಬ್ರೈಲ್ ಕಾಲದಲ್ಲಿ ಸ್ಟೀರಾಯ್ಡ್ ಇರಲಿಲ್ಲ.

ಗಾಯವೇ ಇಲ್ಲದೆ ಇದೇ ರೀತಿ ಆದರೆ ಅದಕ್ಕೆ ಮೂವರು ವೈದ್ಯರ ಹೆಸರು ಸೇರಿಸಿ ವೋಗ್ಟ್-ಕೊಯನಗಿ-ಹರಾಡ ಅಂತಾರೆ. ಒಬ್ಬ ಸ್ವಿಟ್ಜರ್ಲೆಂಡಿನವ, ಇಬ್ಬರು ಜಪಾನಿನವರು. ನಮ್ಮಂಥ ಕಂದು ಮೈಬಣ್ಣದ ಜನರಲ್ಲಿ ಕಾಣುವುದು ಜಾಸ್ತಿ. ಮೊದಲು ತಲೆನೋವು, ಕಿವಿಯಲ್ಲಿ ಗುಂಯ್ ಶಬ್ದ, ಆಮೇಲೆ ಎರಡೂ ಕಣ್ಣು ಮಂಜು. ತಿಂಗಳುಗಳ ಮೇಲೆ ರೆಪ್ಪೆಕೂದಲು ಬೆಳ್ಳಗಾಗುತ್ತದೆ, ಚರ್ಮದ ಮೇಲೆ ತೊನ್ನಿನಂಥ ಮಚ್ಚೆ. ಕಣ್ಣಿಗೂ ಕಿವಿಗೂ ಕೂದಲಿಗೂ ಏನು ಸಂಬಂಧ ಅನ್ನಿಸುತ್ತದೆ. ಸಂಬಂಧ ಕಪ್ಪು ಬಣ್ಣದ್ದು. ಮೆಲನಿನ್ ತಯಾರಿಸುವ ಜೀವಕೋಶಗಳು ಕೊರಾಯ್ಡ್‌ನಲ್ಲೂ ಇವೆ, ಒಳಕಿವಿಯಲ್ಲೂ, ಮೆದುಳಿನ ಹೊದಿಕೆಯಲ್ಲೂ, ಚರ್ಮದಲ್ಲೂ ಇವೆ. ದೇಹ ಅವನ್ನೇ ಹುಡುಕಿ ಹುಡುಕಿ ಹೊಡೆಯುತ್ತದೆ. ಬೇಗ ಹಿಡಿದು ಜೋರು ಪ್ರಮಾಣದ ಸ್ಟೀರಾಯ್ಡ್ ಕೊಟ್ಟರೆ ದೃಷ್ಟಿ ಬಹಳ ಚೆನ್ನಾಗಿ ವಾಪಸ್ ಬರುತ್ತದೆ. ತಡವಾದರೆ ಹಟ ಹಿಡಿಯುತ್ತದೆ.

ಮಾತ್ರೆಗಳ ಮಾತು

ಇಷ್ಟು ಹೊತ್ತಿಗೆ ಸ್ಟೀರಾಯ್ಡ್ ಹೆಸರು ಎಷ್ಟು ಸಲ ಬಂತು ನೋಡಿ. ಉರಿ ಆರಿಸುವುದರಲ್ಲಿ ಅದರಷ್ಟು ಬೇಗ ಕೆಲಸ ಮಾಡುವುದು ಇನ್ನೊಂದಿಲ್ಲ. ತೊಂದರೆ ಏನಂದರೆ ಅದು ಕಾವಲುಗಾರರನ್ನೇ ಮಲಗಿಸುತ್ತದೆ. ಕಾರಣ ದೇಹದ್ದೇ ತಪ್ಪಾಗಿದ್ದರೆ ಅದು ಒಳ್ಳೇದು. ಕಾರಣ ಟಿಬಿ, ಟಾಕ್ಸೊಪ್ಲಾಸ್ಮಾ ಅಥವಾ ವೈರಸ್ ಆಗಿದ್ದರೆ ಬರೀ ಸ್ಟೀರಾಯ್ಡ್ ಕೊಡುವುದು ಕಾವಲು ಮಲಗಿಸಿ ಕಳ್ಳನಿಗೆ ಬಾಗಿಲು ತೆಗೆದ ಹಾಗೆ. ಮೊದಲ ವಾರ ಚೆನ್ನಾಗಿ ಕಂಡು, ಆಮೇಲೆ ಕೈಮೀರುತ್ತದೆ. ಹಾಗಾಗಿ ಕಣ್ಣಿನ ಡಾಕ್ಟರ್ ಔಷಧಿ ಬರೆಯುವ ಮೊದಲು ಏಳೆಂಟು ರಕ್ತಪರೀಕ್ಷೆ, ಸ್ಕ್ಯಾನ್ ಅಂತ ಓಡಾಡಿಸಿದರೆ ದುಡ್ಡು ಕೀಳೋಕೆ ಅಂದುಕೊಳ್ಳಬೇಡಿ. ಈ ಕಾಯಿಲೆಯಲ್ಲಿ ಬುದ್ಧಿ ಖರ್ಚಾಗುವುದೇ ಅಲ್ಲಿ.

ಅಂಗಡಿಯಿಂದ ತಂದ ಡ್ರಾಪ್ಸ್ ಬಗ್ಗೆಯೂ ಹೇಳಬೇಕು. ಹೊರಗೆ ಹಾಕಿದ ಹನಿ ಕಣ್ಣಿನ ಹಿಂದಿನ ಗೋಡೆಯವರೆಗೆ ಸರಿಯಾಗಿ ತಲುಪುವುದೇ ಇಲ್ಲ. ಹಿಂಭಾಗಕ್ಕೆ ಮಾತ್ರೆ ಬೇಕು, ಇಲ್ಲವೇ ಕಣ್ಣಿನ ಸುತ್ತ ಅಥವಾ ಒಳಗೆ ಇಂಜೆಕ್ಷನ್. ಸ್ಟೀರಾಯ್ಡ್ ಮಾತ್ರೆ ಬೆಳಿಗ್ಗೆ ತಿಂಡಿ ಆದಮೇಲೆ ತಗೊಳ್ಳಬೇಕು. ಸಕ್ಕರೆ ಏರುತ್ತದೆ, ಹಸಿವು ಜಾಸ್ತಿ, ನಿದ್ದೆ ಕಮ್ಮಿ, ಮುಖ ದುಂಡಗಾಗುತ್ತದೆ. ತುಂಬಾ ದಿನವಾದರೆ ಕಣ್ಣಿಗೇ ಪೊರೆ ಬರಬಹುದು, ಕಣ್ಣಿನ ಒತ್ತಡ ಏರಬಹುದು. ಆದರೂ ನಿಮ್ಮಷ್ಟಕ್ಕೆ ಒಂದೇ ಸಲ ನಿಲ್ಲಿಸಬಾರದು. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ, ಅದಕ್ಕೆ ಸಮಯ ಕೊಡಬೇಕು. ವಾರವಾರಕ್ಕೆ ಮೆಟ್ಟಿಲಿಳಿದ ಹಾಗೆ ಇಳಿಸುತ್ತಾರೆ.

ಸೋಂಕಿಲ್ಲದ, ಮತ್ತೆ ಮತ್ತೆ ಬರುವ ಕಾಯಿಲೆಗೆ ಸ್ಟೀರಾಯ್ಡ್ ಬದಲು ಮೆಥೊಟ್ರೆಕ್ಸೇಟ್, ಅಜಥಯೊಪ್ರಿನ್ ಇಂಥವು ಬರುತ್ತವೆ. ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದ ಹಾಗೆ ಓದಿಕೊಳ್ಳಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಬೇರೆ ಮಾತ್ರೆಗಳ ಹಾಗೆ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಮನೆಯಲ್ಲಿ ವಯಸ್ಸಾದವರು ಇದನ್ನು ತಗೊಳ್ಳುತ್ತಿದ್ದರೆ ಚೀಟಿಯ ಮೇಲೆ ವಾರದ ಹೆಸರು ಕನ್ನಡದಲ್ಲಿ ಬರೆದು ಡಬ್ಬಿಗೆ ಅಂಟಿಸಿಬಿಡಿ.

ಉರಿ ಆರಿದ ಮೇಲೆ ಕಲೆ ಉಳಿಯುತ್ತದೆ. ಸತ್ತ ಪೈರು ಮತ್ತೆ ಚಿಗುರುವುದಿಲ್ಲ. ಚಿಕಿತ್ಸೆ ಉಳಿಸುವುದು ಇನ್ನೂ ಸುಡದ ಭಾಗವನ್ನು. ಕೆಲವು ಸಲ ಹಳೆಯ ಕಲೆಯ ಅಂಚಿನಿಂದ ಬೇಡದ ಹೊಸ ರಕ್ತನಾಳ ಹುಟ್ಟಿ ಸೋರುತ್ತದೆ. ಆಗ ನೇರ ಗೆರೆಗಳು ಡೊಂಕಾಗಿ ಕಾಣುತ್ತವೆ. ಅದಕ್ಕೆ ಕಣ್ಣಿನೊಳಗೆ ಇಂಜೆಕ್ಷನ್ ಇದೆ, ಬೇಗ ಹೋದರೆ. ಬೇಗ ಗೊತ್ತಾಗಲಿ ಅಂತಲೇ ಚೌಕುಳಿ ಹಾಳೆಯೊಂದನ್ನು ಕೊಟ್ಟು ದಿನಾ ನೋಡಿ ಅಂತಾರೆ. ಹಾಳೆಯೇ ಬೇಕು ಅಂತಿಲ್ಲ. ಬಚ್ಚಲುಮನೆಯ ಟೈಲ್ಸ್, ಕಿಟಕಿಯ ಸರಳು, ಮಕ್ಕಳ ಲೆಕ್ಕದ ಪುಸ್ತಕ, ಯಾವುದಾದರೂ ನಡೆಯುತ್ತದೆ. ಒಂದು ಕಣ್ಣು ಪೂರ್ತಿ ಮುಚ್ಚಿ, ಇನ್ನೊಂದರಲ್ಲಿ ನೋಡುವುದು. ಆಮೇಲೆ ಬದಲಾಯಿಸುವುದು.

ಚಿಕ್ಕಪ್ಪನಿಗೆ ಟಿಬಿ ಮಾತ್ರೆ ಒಂಬತ್ತು ತಿಂಗಳು ನಡೆಯಿತು. ಹಾವು ಮ್ಯಾಕ್ಯುಲಾದ ಅಂಚಿಗೆ ಬಂದು ನಿಂತಿತು, ಪೂರ್ತಿ ನುಂಗಲಿಲ್ಲ. ಈಗ ದಿನಾ ಸ್ನಾನ ಮಾಡಿ ಬಂದವರೇ ಬಲಗಣ್ಣಿನ ಮೇಲೆ ಟವೆಲ್ಲು ಒತ್ತಿ ಕ್ಯಾಲೆಂಡರ್ ಮುಂದೆ ನಿಲ್ಲುತ್ತಾರೆ. ಅಡುಗೆಮನೆಯಿಂದ ಚಿಕ್ಕಮ್ಮ "ಎಷ್ಟು ಕಾಣ್ತಿದೆ ಇವತ್ತು?" ಅಂತ ಕೇಳುತ್ತಾರೆ. "ನಿನ್ನೆಯಷ್ಟೇ" ಅಂತಾರೆ ಚಿಕ್ಕಪ್ಪ. 14 ಇದೆ. ಅದರ ನಾಲ್ಕಕ್ಕೆ ಮಾತ್ರ ಕೆಳಗಿನ ಕಾಲು ಇಲ್ಲ.